ಬಟವಾಡಿ ಯೂನಿಟ್ಟಿನ ಹತ್ತು ಜನ

ಜೂನ್ 3, 1985. ಗುಬ್ಬಿ

ಹನ್ನೊಂದು ವರ್ಷದಿಂದ ಟೈಪಿಂಗ್ ಕಲಿಸುತ್ತಿದ್ದೇನೆ. ನನ್ನ ಹತ್ತಿರ ಕಲಿತವರು ಕೋರ್ಟಿನಲ್ಲಿದ್ದಾರೆ, ತಾಲ್ಲೂಕು ಕಚೇರಿಯಲ್ಲಿದ್ದಾರೆ, ಬ್ಯಾಂಕಿನಲ್ಲಿದ್ದಾರೆ. ನಾನು ಮಾತ್ರ ಅದೇ ಮಹಡಿಯ ಮೇಲೆ, ಅದೇ ಆರು ಮಿಷನ್ನುಗಳ ನಡುವೆ ಮೂವತ್ತಮೂರು ವರ್ಷದವಳಾದೆ.

ಇವತ್ತು ಅಲ್ಲಿಗೆ ಬೆಂಗಳೂರಿನಿಂದ ಯೋಗನರಸಿಂಹ ಎನ್ನುವವರು ಬಂದಿದ್ದರು. ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವ ಕಂಪನಿ ಅವರದು. ಗಿರಣಿಗಳ, ಅಂಗಡಿಗಳ ಲೆಕ್ಕವನ್ನು ಮಿಷನ್ನೇ ಮಾಡುವ ಹಾಗೆ ಅದಕ್ಕೆ ಬುದ್ಧಿ ಹೇಳಿಕೊಡುವ ಕೆಲಸ ಎಂದರು. ತುಮಕೂರಿನ ಬಟವಾಡಿಯಲ್ಲಿ ಒಂದು ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದಿದ್ದಾರಂತೆ. ಅದನ್ನು ನೋಡಿಕೊಳ್ಳಲು ಒಬ್ಬರು ಬೇಕು, ಜೊತೆಗೆ ಬೆರಳು ಚುರುಕಾಗಿರುವ ಹುಡುಗಿಯರು ಬೇಕು.

ಬೆಂಗಳೂರು ಬಿಟ್ಟು ಇಲ್ಲಿಗೇಕೆ ಎಂದು ಕೇಳಿದೆ. ಆ ಮನುಷ್ಯ ಮುಚ್ಚಿಡಲಿಲ್ಲ. ತುಮಕೂರು ಸರ್ಕಾರದ ಪಟ್ಟಿಯಲ್ಲಿ ಹಿಂದುಳಿದ ಜಿಲ್ಲೆ. ಇಲ್ಲಿ ಹೊಸದಾಗಿ ಕೈಗಾರಿಕೆ ಶುರುಮಾಡಿದವರಿಗೆ ಲಾಭದ ಐದನೇ ಒಂದು ಪಾಲಿಗೆ ಹತ್ತು ವರ್ಷ ತೆರಿಗೆ ಇಲ್ಲವಂತೆ. ಅದಕ್ಕೆ ಮುಖ್ಯವಾದ ಷರತ್ತು ಎರಡು. ಇಲ್ಲೇ ಏನಾದರೊಂದು ವಸ್ತು ತಯಾರಾಗಬೇಕು. ಕರೆಂಟು ಬಳಸಿ ಕೆಲಸ ಮಾಡುವವರು ಹತ್ತು ಜನಕ್ಕೆ ಕಡಿಮೆ ಇರಬಾರದು.

"ಪ್ರೋಗ್ರಾಂ ಅನ್ನೋದು ವಸ್ತು ಹೌದೋ ಅಲ್ವೋ ಅಂತ ಇನ್ನೂ ಯಾರಿಗೂ ಗೊತ್ತಿಲ್ಲ ಮೇಡಂ. ಅವರಿಗೆ ಗೊತ್ತಾಗೋದ್ರೊಳಗೆ ನಾವು ಶುರು ಮಾಡಿರ್ಬೇಕು" ಎಂದು ನಕ್ಕರು.

ಇದುವರೆಗೆ ಯಾರೂ ನನ್ನನ್ನು ಮೇಡಂ ಎಂದು ಕರೆದಿರಲಿಲ್ಲ. ಟೀಚರ್ ಎನ್ನುತ್ತಾರೆ, ಇಲ್ಲವೇ ಗಂಗಕ್ಕ. ಅಪ್ಪ ಹೋದ ಮೇಲೆ ಮನೆಯಲ್ಲಿ ನಾನು, ಅವ್ವ ಇಬ್ಬರೇ. ಅವ್ವನಿಗೆ ಹೇಳಿದಾಗ ರೊಟ್ಟಿ ತಟ್ಟುತ್ತಲೇ, "ಹಿಂದುಳಿದೋರು ಅಂತ ಗೊತ್ತಾಗಿ ಯಾರಾದ್ರೂ ಹುಡುಕ್ಕೊಂಡು ಬತ್ತಾರೇನೇ?" ಎಂದಳು. ಆದರೂ ಹೋಗುತ್ತೇನೆ ಎಂದು ನಿರ್ಧರಿಸಿದ್ದೇನೆ.

ಜೂನ್ 24, 1985

ಬೆಳಗಿನ ಪ್ಯಾಸೆಂಜರ್ ಹಿಡಿದು ಹೋಗುವುದು, ಸಂಜೆಯ ಗಾಡಿಗೆ ಬರುವುದು. ನನ್ನ ಹತ್ತಿರ ಕಲಿತ ಐವರು ಹುಡುಗಿಯರನ್ನು ಕರೆದುಕೊಂಡಿದ್ದೇನೆ. ಗೂಳೂರಿನ ಪುಟ್ಟತಾಯಮ್ಮ ಎಲ್ಲರಿಗಿಂತ ಚುರುಕು. ಕಂಪ್ಯೂಟರು ಬಂತು. ಅದಕ್ಕೆ ಧೂಳಾಗಬಾರದೆಂದು ನಾವು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುತ್ತೇವೆ. ಕೆಳಗೆ ಹೆದ್ದಾರಿಯಲ್ಲಿ ಲಾರಿ ಹೋದರೆ ಮೇಜು ನಡುಗುತ್ತದೆ.

ನನ್ನನ್ನೂ ಸೇರಿಸಿ ಆರು ಜನ. ಉಳಿದ ನಾಲ್ವರು ಯಾವಾಗ ಬರುತ್ತಾರೆ ಎಂದು ಕೇಳಿದ್ದಕ್ಕೆ ಯೋಗನರಸಿಂಹ, ಸದ್ಯಕ್ಕೆ ಹೆಸರು ಬರೆದಿಡಿ ಎಂದು ಒಂದು ಚೀಟಿ ಕೊಟ್ಟಿದ್ದಾರೆ. ಮೂರು ಹೆಸರು ಅವರ ಬೆಂಗಳೂರಿನ ಆಫೀಸಿನವರದು. ನಾಲ್ಕನೆಯದು ಕೆಳಗಿನ ಮನೆಯ ಚಿಕ್ಕಗಂಗಮ್ಮನದು. ಮನೆಯ ಮಾಲೀಕ ಬೆಟ್ಟಯ್ಯನ ಹೆಂಡತಿ ಆಕೆ. ಅಕ್ಷರ ಬಾರದು. ಹಾಜರಿ ಪುಸ್ತಕದಲ್ಲಿ ಆಕೆ ಮಿಷನ್ ಆಪರೇಟರ್ ಆಗಬೇಕಂತೆ.

ನಾನು ಬರೆಯಲಿಲ್ಲ. ಚೀಟಿಯನ್ನು ಡ್ರಾಯರಿನಲ್ಲಿಟ್ಟೆ.

ಜುಲೈ 19, 1985

ಬರೆದೆ. ತಿಂಗಳ ಕೊನೆಯೊಳಗೆ ಆ ನಾಲ್ಕು ಹೆಸರು ಬರೆಯದಿದ್ದರೆ ಯೂನಿಟ್ ಮುಚ್ಚುತ್ತೇನೆ ಎಂದು ಯೋಗನರಸಿಂಹ ಫೋನಿನಲ್ಲಿ ಹೇಳಿದರು.

ಅದಕ್ಕಿಂತ ಕೆಟ್ಟದ್ದು ಇನ್ನೊಂದು ಆಯಿತು. ಬಸ್ಸಿನಲ್ಲಿ ಒಂದು ಪೊಟ್ಟಣ ಬಂತು. ಒಳಗೆ ಹನ್ನೆರಡು ಫ್ಲಾಪಿ ತಟ್ಟೆ, ಅವುಗಳಲ್ಲಿ ಬೆಂಗಳೂರಿನಲ್ಲಿ ಬರೆದ ಪ್ರೋಗ್ರಾಂ. ಅವನ್ನು ನಮ್ಮ ಲಕೋಟೆಗೆ ಹಾಕಿ, ತುಮಕೂರು ಯೂನಿಟ್ ಎಂದು ಮುದ್ರೆ ಒತ್ತಿ, ಚಲನ್ ಬರೆದು, ಸಂಜೆಯ ಬಸ್ಸಿಗೆ ವಾಪಸ್ ಕಳಿಸಬೇಕು. ಇದು ಸುಳ್ಳಲ್ಲವೇ ಎಂದು ಕೇಳಿದೆ. ಹೊಸ ಬಾವಿಯ ಪಂಪಿಗೆ ಮೊದಲು ಹೊರಗಿನ ನೀರು ಹುಯ್ಯುವುದಿಲ್ಲವೇ, ಹಾಗೆ ಎಂದರು.

ಸಹಿ ಹಾಕಿದೆ. ರಾತ್ರಿ ಊಟ ಸೇರಲಿಲ್ಲ. ಅವ್ವ ಹಣೆ ಮುಟ್ಟಿ ನೋಡಿ ಜ್ವರ ಇಲ್ಲವಲ್ಲ ಎಂದಳು.

ಆಗಸ್ಟ್ 30, 1985

ಇವತ್ತೂ ಪೊಟ್ಟಣ. ಈ ತಿಂಗಳಲ್ಲಿ ನಾಲ್ಕನೆಯದು.

ಚಿಕ್ಕಗಂಗಮ್ಮನ ಹೆಬ್ಬೆಟ್ಟು ಹಾಜರಿ ಪುಸ್ತಕದಲ್ಲಿ ಎದ್ದು ಕಾಣುತ್ತದೆ. ಮಧ್ಯಾಹ್ನ ಊಟವಾದ ಮೇಲೆ ಆಕೆಗೆ ಹೆಸರು ಬರೆಯುವುದನ್ನು ಕಲಿಸುತ್ತಿದ್ದೇನೆ. "ಕ್ಕ" ಒತ್ತಕ್ಷರಕ್ಕೆ ಬಹಳ ಕಷ್ಟಪಟ್ಟರು. ಇವತ್ತು ಪೂರ್ತಿ ಬರೆದು, ತಾವೇ ನೋಡಿ ನಕ್ಕು, ಕೆಳಗೆ ಹೋಗಿ ಗಂಡನನ್ನು ಕರೆದು ತಂದು ತೋರಿಸಿದರು. ಒಂದು ಒಳ್ಳೆಯ ಕೆಲಸವಾದರೂ ಆಯಿತು.

ನವೆಂಬರ್ 13, 1985

ಯೋಗನರಸಿಂಹ ಬಂದಿದ್ದಾಗ ಧೈರ್ಯ ಮಾಡಿ ಕೇಳಿಯೇಬಿಟ್ಟೆ. ಬರೀ ಮುದ್ರೆ ಒತ್ತಿಸುತ್ತೀರಿ, ನಮಗೆ ನಿಜವಾದ ಕೆಲಸ ಕೊಡಿ, ಇಲ್ಲದಿದ್ದರೆ ಈ ಹುಡುಗಿಯರನ್ನು ಮನೆಗೆ ಕಳಿಸಿ ನಾನೂ ಹೋಗುತ್ತೇನೆ ಎಂದೆ. ಒಬ್ಬ ಪ್ರೋಗ್ರಾಮರನ್ನು ಕೊಡುತ್ತೇನೆ, ನಿಮ್ಮ ಕಡೆಯವರೇ ಯಾರಾದರೂ ಗಣಿತ ಓದಿದವರಿದ್ದರೆ ನೋಡಿ ಎಂದರು.

ಎಲ್ಲ ಹತ್ತು ಜನವನ್ನೂ ನಿಜವಾಗಿ ತೆಗೆದುಕೊಳ್ಳಿ ಎಂದೂ ಕೇಳಿದೆ. ಮುಂದಿನ ವರ್ಷ ಎಂದರು.

ಜನವರಿ 20, 1986

ಕೌಸಲ್ಯ ಎಂಬ ಹುಡುಗಿ ಸೇರಿದ್ದಾಳೆ. ಕುಣಿಗಲ್‌ನವಳು, ಅಪ್ಪ ವೆಂಕಟೇಶಯ್ಯ ರಿಟೈರಾದ ಪೋಸ್ಟ್ ಮಾಸ್ಟರು. ಬಿ.ಎಸ್ಸಿ.ಯಲ್ಲಿ ಗಣಿತಕ್ಕೆ ಮೊದಲ ದರ್ಜೆ. ಪ್ರೋಗ್ರಾಂ ಬರೆಯುವ ಭಾಷೆ ಕೋಬಾಲ್ ಕಲಿಯಲೆಂದು ಬೆಂಗಳೂರಿನಿಂದ ಬಂದಿದ್ದ ದಪ್ಪ ಪುಸ್ತಕ ಆರು ತಿಂಗಳಿಂದ ಕಪಾಟಿನಲ್ಲಿತ್ತು. ನಾನು ಮೂವತ್ತು ಪುಟ ಓದಿ ಬಿಟ್ಟಿದ್ದೆ. ಈ ಹುಡುಗಿ ಒಂದೇ ವಾರದಲ್ಲಿ ಅರ್ಧ ಮುಗಿಸಿದ್ದಾಳೆ. ಓದುವಾಗ ತುಟಿ ಅಲ್ಲಾಡುತ್ತಿರುತ್ತದೆ, ಯಾರೊಂದಿಗೋ ವಾದ ಮಾಡುವ ಹಾಗೆ.

ನಾವೀಗ ಏಳು ಜನ. ಬೆಂಗಳೂರಿನ ಒಂದು ಹೆಸರು ಹೊಡೆದುಹಾಕಿದೆ. ಉಳಿದಿದ್ದು ಮೂರು.

ಮಾರ್ಚ್ 14, 1986

ಒಂದು ನೂಲಿನ ಗಿರಣಿಯ ಸಂಬಳದ ಪ್ರೋಗ್ರಾಂ ಪೂರ್ತಿ ನಮಗೇ ಬಂದಿದೆ. ಸಾವಿರದ ಇನ್ನೂರು ಜನರ ಹಾಜರಿ, ಓವರ್‌ಟೈಮು, ರಜೆ, ಕಡಿತ. ಕೌಸಲ್ಯ ಕೋಡಿಂಗ್ ಶೀಟಿನ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಾಳೆ, ಪುಟ್ಟತಾಯಮ್ಮ ಅದನ್ನು ಮಿಷನ್ನಿನಲ್ಲಿ ಟೈಪಿಸಿ ಕೀ ಮಾಡುತ್ತಾಳೆ, ನಾನು ಓದಿ ತಾಳೆ ನೋಡುತ್ತೇನೆ. ರಾತ್ರಿ ಎಂಟರವರೆಗೂ ಕೌಸಲ್ಯ ಏಳುವುದಿಲ್ಲ. ಕೊನೆಯ ಬಸ್ಸು ತಪ್ಪಿದರೆ ಗೂಳೂರಿನಲ್ಲಿ ಪುಟ್ಟತಾಯಮ್ಮನ ಮನೆಯಲ್ಲಿ ಉಳಿಯುತ್ತಾಳೆ.

ಏಪ್ರಿಲ್ 4, 1986

ಬಸ್ಸುಗಳ ಮುಷ್ಕರ. ಇವತ್ತು ಕೌಸಲ್ಯ ಬರುವುದಿಲ್ಲ ಎಂದುಕೊಂಡಿದ್ದೆ. ಹತ್ತೂವರೆಗೆ ಮೆಟ್ಟಿಲು ಹತ್ತಿ ಬಂದಳು, ಸೀರೆಯ ತುಂಬ ಹುಲ್ಲಿನ ಕಡ್ಡಿ. ಕುಣಿಗಲ್‌ನಿಂದ ಹುಲ್ಲಿನ ಲಾರಿಯಲ್ಲಿ ಬಂದಿದ್ದಳು. ಓವರ್‌ಟೈಮ್ ಲೆಕ್ಕದಲ್ಲಿ ರಾತ್ರಿ ಪಾಳಿಯವರಿಗೆ ಒಂದು ದಿನ ಹೆಚ್ಚು ಬೀಳುತ್ತಿತ್ತಲ್ಲ, ಅದು ಯಾಕೆಂದು ಬೆಳಗ್ಗೆ ಹಲ್ಲುಜ್ಜುವಾಗ ಹೊಳೆಯಿತಂತೆ. "ನಾಳೆ ತನಕ ಇಟ್ಕೊಂಡ್ರೆ ಮರೆತುಹೋಗುತ್ತೆ ಗಂಗಕ್ಕ" ಎಂದಳು.

ಅವ್ವನಿಗೆ ಈ ಕಥೆ ಹೇಳಿದೆ. ಅವ್ವ ಬಹಳ ನಕ್ಕಳು.

ಏಪ್ರಿಲ್ 26, 1986

ಗಿರಣಿಯ ಗುಮಾಸ್ತರು ಕೈಯಲ್ಲಿ ಮಾಡಿದ ಮಾರ್ಚ್ ತಿಂಗಳ ಪಟ್ಟಿಯೂ ನಮ್ಮ ಪ್ರಿಂಟೌಟೂ ಎರಡು ಹೆಸರು ಬಿಟ್ಟು ಕೊನೆಯವರೆಗೆ ತಾಳೆಯಾದವು. ವ್ಯತ್ಯಾಸ ಬಂದ ಎರಡು ಕಡೆ ತಪ್ಪು ಗುಮಾಸ್ತರದು. ಪುಟ್ಟತಾಯಮ್ಮ ಅತ್ತುಬಿಟ್ಟಳು. ಚಿಕ್ಕಗಂಗಮ್ಮ ಎಲ್ಲರಿಗೂ ಪಾಯಸ ಮಾಡಿ ಕಳಿಸಿದರು. ಕೌಸಲ್ಯ ಮಾತ್ರ ಪ್ರಿಂಟೌಟಿನ ಮೂಲೆಯಲ್ಲಿ ತನ್ನ ಹೆಸರು ಸಣ್ಣಗೆ ಬರೆದು, ದಿನಾಂಕ ಹಾಕಿ, ಸುಮ್ಮನೆ ಮಡಿಸಿಟ್ಟಳು.

ಇಂದು ಕಳಿಸಿದ ಫ್ಲಾಪಿಯ ಲಕೋಟೆಗೆ ಮುದ್ರೆಯನ್ನು ಎರಡು ಸಲ ಒತ್ತಿದೆ. ಇದು ನಿಜವಾಗಿ ಇಲ್ಲೇ ತಯಾರಾದದ್ದು.

ಸೆಪ್ಟೆಂಬರ್ 11, 1986

ತೆರಿಗೆ ರಿಯಾಯಿತಿ ಕೇಳಿ ಕಂಪನಿ ಅರ್ಜಿ ಹಾಕಿತ್ತು. ಅದನ್ನು ಪರಿಶೀಲಿಸಲು ಇನ್‌ಕಂ ಟ್ಯಾಕ್ಸಿನ ಇನ್‌ಸ್ಪೆಕ್ಟರ್ ಸೀತಾರಾಮಯ್ಯ ಎನ್ನುವವರು ಬಂದಿದ್ದರು. ವಯಸ್ಸಾದವರು, ಮೃದುವಾಗಿ ಮಾತಾಡುತ್ತಾರೆ. ಚಪ್ಪಲಿ ಹೊರಗೆ ಬಿಡಿ ಎಂದಾಗ ದೇವಸ್ಥಾನಕ್ಕೆ ಬಂದ ಹಾಗೆ ಬಿಟ್ಟರು.

ಇಲ್ಲಿ ಏನು ತಯಾರಾಗುತ್ತದೆ, ತೋರಿಸಿ ಎಂದರು. ನಾನು ಫ್ಲಾಪಿ ಕೊಟ್ಟೆ. ತಿರುಗಿಸಿ ಅದರ ಮೇಲಿದ್ದ ಹೆಸರು ಓದಿ, ಇದನ್ನು ಬೇರೆ ಯಾವುದೋ ಕಂಪನಿ ಮಾಡಿದೆಯಲ್ಲ ಎಂದರು. ಕೌಸಲ್ಯ ಎದ್ದು ಬಂದಳು.

"ಕಾಗದ ಮಾಡೋರು ಬೇರೆ ಸಾರ್, ಅದ್ರಲ್ಲಿ ಪತ್ರ ಬರೆಯೋರು ಬೇರೆ. ಖಾಲಿ ಫ್ಲಾಪಿ ನಾವು ಕೊಳ್ತೀವಿ. ಇದರಲ್ಲಿ ಸಾವಿರದ ಇನ್ನೂರು ಜನದ ಸಂಬಳ ಲೆಕ್ಕ ಹಾಕೋ ಕ್ರಮ ಇದೆ. ಅದು ಮೊದಲು ಎಲ್ಲೂ ಇರ್ಲಿಲ್ಲ. ಈ ಮೇಜಿನ ಮೇಲೆ ಹುಟ್ಟಿದ್ದು."

ನಂತರ ಮಿಷನ್ ಹಾಕಿ ಒಬ್ಬ ಕೂಲಿಯ ಲೆಕ್ಕ ಮಾಡಿ ತೋರಿಸಿದಳು. ಅವರು ಎಲ್ಲವನ್ನೂ ನಿಧಾನವಾಗಿ ಬರೆದುಕೊಂಡರು. ಗೆದ್ದೆವು ಎಂದುಕೊಂಡೆ. ಆಮೇಲೆ ಅದೇ ದನಿಯಲ್ಲಿ, ಇಲ್ಲಿ ಎಷ್ಟು ಜನ ಕೆಲಸ ಮಾಡುತ್ತೀರಮ್ಮ ಎಂದು ಅವಳನ್ನೇ ಕೇಳಿದರು.

"ಏಳು ಜನ ಸಾರ್."

ಪುಸ್ತಕದಲ್ಲಿ ಹತ್ತಿದೆಯಲ್ಲ, ಉಳಿದ ಮೂವರು ಬೇರೆ ಹೊತ್ತಿನಲ್ಲಿ ಬರುತ್ತಾರೋ ಎಂದರು. ಮಾರ್ಚ್, ಏಪ್ರಿಲ್‌ನಲ್ಲಿ ತಾನು ದಿನವೂ ಎಂಟು ಗಂಟೆಯವರೆಗೆ ಇದ್ದೆ, ಬೇರೆ ಯಾರೂ ಬರಲಿಲ್ಲ ಎಂದು ಕೌಸಲ್ಯ ಹೇಳಿದಳು. ಅವಳು ನನ್ನ ಕಡೆ ನೋಡಲೂ ಇಲ್ಲ. ಕೇಳಿದ ಲೆಕ್ಕಕ್ಕೆ ಉತ್ತರ ಹೇಳಿದ ಹಾಗೆ ಹೇಳಿದಳು.

ಹೋಗುವಾಗ ಸೀತಾರಾಮಯ್ಯನವರು ನನ್ನೊಬ್ಬಳಿಗೇ ಹೇಳಿದರು: "ನಿಮ್ಮ ಕೆಲಸ ಕಮ್ಮಿ ಅಂತ ನಾನು ಹೇಳಲ್ಲಮ್ಮ. ಆದ್ರೆ ಏಳಿದ್ರೆ ಏಳು ಅಂತಲೇ ಬರೀಬೇಕು. ತಿಂಗಳಾದ ಮೇಲೆ ಬರ್ತೀನಿ, ಪುಸ್ತಕ ಎಲ್ಲಾ ತೆಗೆದಿಟ್ಟಿರಿ."

ಸೆಪ್ಟೆಂಬರ್ 15, 1986

ಯೋಗನರಸಿಂಹ ಸಾರ್ ಬಂದಿದ್ದರು. ಬೈಯಲಿಲ್ಲ. ರಿಯಾಯಿತಿ ಸಿಗದಿದ್ದರೆ ಈ ಯೂನಿಟ್ ನಡೆಸುವುದರಲ್ಲಿ ಅರ್ಥವಿಲ್ಲ, ತಿಂಗಳ ಕೊನೆಗೆ ಎಲ್ಲರಿಗೂ ಕೆಲಸದಿಂದ ಬಿಡಿಸುವ ಕಾಗದ ಕೊಡಬೇಕಾಗುತ್ತದೆ ಎಂದರು. ನಾನು ಹುಡುಗಿಯರ ಕಡೆ ನೋಡಿದೆ. ಪುಟ್ಟತಾಯಮ್ಮನ ಸಂಬಳದಲ್ಲಿ ಗೂಳೂರಿನ ಆ ಮನೆ ನಡೆಯುತ್ತಿದೆ.

ಒಂದೇ ದಾರಿ ಎಂದರು ಸಾರ್. ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗೆ ಎರಡನೇ ಪಾಳಿ ಇತ್ತು ಎಂದು ಬರೆಯಬೇಕು. ಆ ಮಾತು ನಿಜವೆನಿಸಬೇಕಾದರೆ ಮಾರ್ಚ್, ಏಪ್ರಿಲ್‌ನಲ್ಲಿ ಕೌಸಲ್ಯ ಇಲ್ಲಿರಲಿಲ್ಲ ಎಂದಾಗಬೇಕು. ಹೊಸ ಹಾಜರಿ ಪುಸ್ತಕ ತಂದಿದ್ದರು. ಹಳೆಯದನ್ನು ಬ್ಯಾಗಿಗೆ ಹಾಕಿಕೊಂಡರು. ಹಾಗಾದರೆ ಗಿರಣಿಯ ಪ್ರೋಗ್ರಾಂ ಬರೆದವರು ಯಾರು ಎಂದು ಕೇಳಿದೆ. "ನೀವು" ಎಂದರು.

ಯೋಚಿಸಲು ಒಂದು ವಾರ ಕೇಳಿದ್ದೇನೆ.

ಸೆಪ್ಟೆಂಬರ್ 22, 1986

ಹೊಸ ಹಾಜರಿ ಪುಸ್ತಕ ಬರೆಯುತ್ತಿದ್ದೇನೆ. ಒಂದೇ ಸಲ ಬರೆದದ್ದೆಂದು ಕಾಣಬಾರದೆಂದು ಎರಡು ಬಗೆಯ ಶಾಯಿ ಬಳಸಿದೆ. ಕೌಸಲ್ಯಳ ಹೆಸರಿನ ಮುಂದೆ ಆಬ್ಸೆಂಟ್, ಮೂವತ್ತೆಂಟು ದಿನ.

ಒಬ್ಬಳಿಗೆ ಮೂವತ್ತೆಂಟು ದಿನ, ಆರು ಜನಕ್ಕೆ ಬದುಕು. ಎಷ್ಟು ಸಲ ತೂಗಿದರೂ ತಕ್ಕಡಿ ಅದೇ ಕಡೆ ಬಾಗುತ್ತದೆ.

ಅಕ್ಟೋಬರ್ 8, 1986

ಎಲ್ಲ ಮುಗಿಯಿತು. ಕ್ರಮವಾಗಿ ಬರೆದಿಡುತ್ತೇನೆ.

ಸೀತಾರಾಮಯ್ಯನವರು ಹನ್ನೊಂದಕ್ಕೆ ಬಂದರು. ಚಿಕ್ಕಗಂಗಮ್ಮನನ್ನು ಕರೆಸಿ ಸಹಿ ಹಾಕಿಸಿ ನೋಡಿದರು. ಆಕೆ ಚೆನ್ನಾಗಿ ಹಾಕಿದರು. ಕೆಲಸ ಏನು ಎಂದಾಗ ನಾನು ಹೇಳಿಕೊಟ್ಟಿದ್ದಂತೆ, ಮಿಷನ್ನು ಎಂದು ಹೇಳಿ ತಲೆ ತಗ್ಗಿಸಿದರು. ಆಮೇಲೆ ಸೀತಾರಾಮಯ್ಯನವರು ಕೌಸಲ್ಯಳನ್ನು ಕೂರಿಸಿಕೊಂಡು ಪುಸ್ತಕವನ್ನು ಅವಳ ಕಡೆ ತಿರುಗಿಸಿದರು. ನೀವು ಆ ಎರಡು ತಿಂಗಳಲ್ಲಿ ಮೂವತ್ತೆಂಟು ದಿನ ಬಂದಿಲ್ಲವಲ್ಲ, ಎರಡನೇ ಪಾಳಿ ಇತ್ತೋ ಇಲ್ಲವೋ ನಿಮಗೆ ಹೇಗೆ ಗೊತ್ತು ಎಂದು ಕೇಳಿದರು.

ಕೌಸಲ್ಯ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದಳು. ಬಹಳ ಹೊತ್ತು ಓದಿದಳು. "ಇದು ನಮ್ಮ ಪುಸ್ತಕ ಅಲ್ಲ ಸಾರ್" ಎಂದಳು.

ಅವರು ನನ್ನ ಕಡೆ ನೋಡಿದರು. ಇದೇ ಪುಸ್ತಕ ಎಂದೆ. ಗಿರಣಿಯ ಪ್ರೋಗ್ರಾಂ ಬರೆದವರು ಯಾರು ಎಂದರು. ನಾನು ಎಂದೆ. ಪುಟ್ಟತಾಯಮ್ಮನನ್ನೂ ಕೇಳಿದರು. ಅವಳು ನನ್ನ ಮುಖ ನೋಡಿ, ಮೇಡಂ ಹೇಳಿದ ಹಾಗೆಯೇ ಎಂದಳು. ಸೀತಾರಾಮಯ್ಯನವರು ಪೆನ್ನಿನ ಮುಚ್ಚಳ ತೆಗೆದರು. ನಾವು ಹೇಳಿದ್ದನ್ನು ಬರೆದು, ನನ್ನ ಸಹಿ ತೆಗೆದುಕೊಂಡು ಹೋದರು. ಕಾಫಿ ಕುಡಿಯಲಿಲ್ಲ.

ಅವರು ಹೋದ ಮೇಲೆ ಕೌಸಲ್ಯ ನನ್ನ ಮೇಜಿನ ಹತ್ತಿರ ಬಂದು ನಿಂತಳು.

"ಹುಲ್ಲಿನ ಲಾರೀಲಿ ಬಂದ ದಿನಕ್ಕೂ ಆಬ್ಸೆಂಟ್ ಹಾಕಿದೀರಲ್ಲ ಗಂಗಕ್ಕ."

ಹುಡುಗಿಯರ ಕೆಲಸ ಹೋಗುತ್ತಿತ್ತು, ನಿನಗಾದರೆ ಓದಿದೆ, ಎಲ್ಲಾದರೂ ಸಿಗುತ್ತದೆ ಎಂದೆಲ್ಲ ಹೇಳಿದೆ. ಮೂರು ಜನರನ್ನು ಕೆಲಸಕ್ಕೆ ತೆಗೆದುಕೊಂಡಿದ್ದರೆ ಆಗುತ್ತಿತ್ತಲ್ಲ ಎಂದಳು. ಕೋಪವಿರಲಿಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳುತ್ತಿದ್ದಳು. ನಾನು ಪುಸ್ತಕವನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ. ಪೆನ್ಸಿಲು, ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡು ಇಳಿದು ಹೋದಳು.

ಅಕ್ಟೋಬರ್ 9, 1986

ಕೌಸಲ್ಯ ಬರಲಿಲ್ಲ. ಆಬ್ಸೆಂಟ್ ಹಾಕಿದೆ. ಈ ಸಲ ನಿಜವಾಗಿ.

ಅಕ್ಟೋಬರ್ 17, 1986

ಬರಲಿಲ್ಲ. ಸಾರ್ ಹೇಳಿದಂತೆ ಅವಳಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಕಾಗದ ಕಳಿಸಿದೆ: ಅನುಮತಿಯಿಲ್ಲದ ಗೈರುಹಾಜರಿ, ಆದ್ದರಿಂದ ಸೇವೆಯಿಂದ ಬಿಡುಗಡೆ. ಆ ಮೂವತ್ತೆಂಟು ದಿನಕ್ಕೆ ಕೊಟ್ಟ ಸಂಬಳವನ್ನು ವಾಪಸ್ ಕೇಳುವುದಿಲ್ಲ ಎಂದೂ ಸೇರಿಸಿದ್ದೇವೆ. ಅದು ಸಾರ್ ಅವರ ದೊಡ್ಡತನ.

ಜನವರಿ 22, 1987

ರಿಯಾಯಿತಿ ಮಂಜೂರಾಗಿದೆ. ಸಾರ್ ಮೈಸೂರ್ ಪಾಕ್ ತಂದಿದ್ದರು. ನನ್ನನ್ನು ಮ್ಯಾನೇಜರ್ ಮಾಡಿದ್ದಾರೆ, ಬಾಗಿಲಿಗೆ ಹೆಸರಿನ ಫಲಕ ಬಂದಿದೆ. ಪ್ರೋಗ್ರಾಂ ಕೂಡ ತಯಾರಾದ ವಸ್ತುವೇ ಎಂದು ಒಪ್ಪಿದ್ದಾರಂತೆ. ಇನ್‌ಸ್ಪೆಕ್ಟರಿಗೆ ನಾವು ಬಹಳ ಸ್ಪಷ್ಟವಾಗಿ ವಿವರಿಸಿದ್ದರಿಂದ ಅನುಕೂಲವಾಯಿತು ಎಂದು ಸಾರ್ ಹೊಗಳಿದರು.

ಪುಟ್ಟತಾಯಮ್ಮ ಸಿಹಿ ತಿನ್ನಲಿಲ್ಲ. ಹಲ್ಲು ನೋವಂತೆ.

ಮಾರ್ಚ್ 5, 1987

ದೆಹಲಿಯವರು ಸಾಫ್ಟ್‌ವೇರಿಗೇ ಬೇರೆ ನೀತಿ ತಂದಿದ್ದಾರೆ. ಪರದೇಶಕ್ಕೆ ಪ್ರೋಗ್ರಾಂ ಕಳಿಸುವವರಿಗೆ ದೊಡ್ಡ ಮಿಷನ್ ತರಿಸಲು ಸುಂಕ ಕಡಿಮೆ, ಸಾಲ ಸುಲಭ. ಅದಕ್ಕೆ ಹಿಂದುಳಿದ ಜಿಲ್ಲೆಯೂ ಬೇಡ, ಹತ್ತು ಜನರ ಲೆಕ್ಕವೂ ಬೇಡ. ಸಾರ್ ಬಹಳ ಉತ್ಸಾಹದಲ್ಲಿದ್ದಾರೆ. ಎರಡು ತಿಂಗಳಿಂದ ಇಲ್ಲಿಗೆ ಹೊಸ ಕೆಲಸ ಬಂದಿಲ್ಲ. ಸಿಬ್ಬಂದಿ ಹಳೆಯ ಹಾಳೆಗಳನ್ನೇ ಮತ್ತೆ ಕೀ ಮಾಡುತ್ತಾ ಕೂರುತ್ತಾರೆ.

ಏಪ್ರಿಲ್ 20, 1987

ಕಂಪ್ಯೂಟರನ್ನು ಟೆಂಪೋಗೆ ಹಾಕಿ ಬೆಂಗಳೂರಿಗೆ ಕಳಿಸಿದೆವು. ರಿಪೇರಿ ಎಂದು ಚಲನ್‌ನಲ್ಲಿ ಬರೆದೆ.

ಮೇ 30, 1987

ಯೂನಿಟ್ ಮುಚ್ಚಿತು. ನಾನೇ ಎಲ್ಲರಿಗೂ ಕಾಗದ ಕೊಟ್ಟೆ. ಪುಟ್ಟತಾಯಮ್ಮ ಕಾಗದ ಓದದೆ ಮಡಿಸಿಕೊಂಡು, "ಹತ್ತು ವರ್ಷ ರಿಯಾಯಿತಿ ಅಂದಿದ್ರಲ್ಲ ಮೇಡಂ, ಇನ್ನೂ ಎರಡೇ ಆಗಿರೋದು" ಎಂದಳು. ರಿಯಾಯಿತಿ ಇರುವುದು ಕಂಪನಿಗೆ, ಕಂಪನಿ ಇಲ್ಲೇ ಇರಬೇಕೆಂದು ಕಾನೂನಿಲ್ಲ ಎಂದು ವಿವರಿಸಿದೆ. ಅವಳ ತಾಯಿಯ ಜೊತೆ ಊದುಬತ್ತಿ ಹೊಸೆಯಲು ಹೋಗುತ್ತಾಳಂತೆ. ಆ ಬೆರಳುಗಳಿಗೆ ಅದೂ ಬೇಗ ಬರುತ್ತದೆ.

ಬೆಟ್ಟಯ್ಯ ಮಹಡಿಯನ್ನು ಒಬ್ಬ ಡಾಕ್ಟರಿಗೆ ಬಾಡಿಗೆಗೆ ಕೊಟ್ಟಿದ್ದಾರೆ.

ಸಾರ್ ನನ್ನನ್ನು ಬೆಂಗಳೂರಿನ ಆಫೀಸಿಗೆ ಕರೆದಿದ್ದಾರೆ. ಗಿರಣಿಯ ಪ್ರೋಗ್ರಾಂ ಬರೆದ ಅನುಭವ ಇರುವುದರಿಂದ ಸೀನಿಯರ್ ಪ್ರೋಗ್ರಾಮರ್ ಹುದ್ದೆ.

ಜೂನ್ 24, 1987. ಬೆಂಗಳೂರು

ಗಿರಣಿಯಲ್ಲಿ ಕೂಲಿ ಒಪ್ಪಂದ ಬದಲಾಗಿದೆ. ಓವರ್‌ಟೈಮ್ ಲೆಕ್ಕ ತಿದ್ದಬೇಕು. ನಿಮ್ಮದೇ ಪ್ರೋಗ್ರಾಂ ಅಲ್ಲವೇ, ಎರಡು ದಿನದಲ್ಲಿ ಆಗುತ್ತದೆ ಎಂದು ಸಾರ್ ಎಲ್ಲರ ಮುಂದೆ ಹೇಳಿದರು. ಐದು ದಿನದಿಂದ ನೋಡುತ್ತಿದ್ದೇನೆ. ನಾನೇ ತಾಳೆ ನೋಡಿದ ಸಾಲುಗಳು, ಪದ ಪದವೂ ಗುರುತು ಸಿಗುತ್ತದೆ, ಒಂದರಿಂದ ಇನ್ನೊಂದಕ್ಕೆ ಯಾಕೆ ಹೋಗುತ್ತದೆ ಎಂಬುದು ಸಿಗುವುದಿಲ್ಲ. ಇಲ್ಲಿನ ಹುಡುಗರು ಹಿಂದಿನಿಂದ ಬಂದು ಪರದೆ ನೋಡಿ ಹೋಗುತ್ತಾರೆ.

ಜೂನ್ 28, 1987, ಭಾನುವಾರ

ಕುಣಿಗಲ್‌ಗೆ ಹೋಗಿ ಬಂದೆ.

ಬಾಗಿಲು ತೆರೆದವರು ಕೌಸಲ್ಯಳ ಅಪ್ಪ ವೆಂಕಟೇಶಯ್ಯನವರು. ಹೆಸರು ಹೇಳಿದಾಗ ಬನ್ನಿ ಎಂದು ಚಾಪೆ ಹಾಸಿ, ಹಿತ್ತಿಲಿಗೆ ಹೋದವರು ಮತ್ತೆ ಬರಲಿಲ್ಲ. ಕೌಸಲ್ಯ ಹೈಸ್ಕೂಲು ಮಕ್ಕಳಿಗೆ ಮನೆಪಾಠ ಹೇಳುತ್ತಿದ್ದಳು. ಅವರನ್ನು ಕಳಿಸಿ ಬಂದಳು. ನಾನು ಪ್ರಿಂಟೌಟ್ ತೆಗೆದೆ. ಏನೂ ಕೇಳದೆ ನೆಲದ ಮೇಲೆ ಹರಡಿಕೊಂಡು ಮೊದಲ ಪುಟದಿಂದ ಹೇಳಿಕೊಟ್ಟಳು. ಹನ್ನೆರಡರಿಂದ ನಾಲ್ಕರವರೆಗೆ. ನಡುವೆ ಮಜ್ಜಿಗೆ ಅನ್ನ ಬಡಿಸಿದಳು. ಎಲ್ಲಿ ತಿದ್ದಬೇಕೋ ಅಲ್ಲಿ ಪೆನ್ಸಿಲಿನಲ್ಲಿ ಬರೆದಳು. ಹನ್ನೊಂದು ಸಾಲು. ಹೇಳುವಾಗ ಮುಖ ಮೊದಲಿನ ಹಾಗೇ ಆಗಿತ್ತು, ತುಟಿ ಅಲ್ಲಾಡುತ್ತಿತ್ತು.

ನಾನು ಏಳುವಾಗ ಅವಳು ಕೇಳಿದ್ದು ಒಂದೇ. ಮೈಸೂರಿನ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗಕ್ಕೆ ಅರ್ಜಿ ಹಾಕಿದ್ದಾಳೆ. ಸಂಬಳದ ಪ್ರೋಗ್ರಾಂ ಬರೆದ ಅನುಭವ ಇರುವವರೇ ಬೇಕಂತೆ, ಹಿಂದೆ ಕೆಲಸ ಮಾಡಿದ ಕಡೆಯಿಂದ ಪತ್ರ ಬೇಕಂತೆ.

"ನಾನು ಬರೆದೆ ಅಂತ ಒಂದು ಕಾಗದ ಕೊಡಿ ಮೇಡಂ. ಸಾಕು."

ಆಗಲಿ ಎಂದೆ. ಬಸ್ ಸ್ಟ್ಯಾಂಡಿನವರೆಗೆ ಬಂದು ಹತ್ತಿಸಿ ಹೋದಳು.

ಜುಲೈ 2, 1987

ಪ್ರೋಗ್ರಾಂ ಸರಿಹೋಯಿತು. ಸಾರ್ ಬೆನ್ನು ತಟ್ಟುವುದೊಂದು ಬಾಕಿ. ಹುಡುಗರು ಈಗ ನನ್ನನ್ನು ಸಂದೇಹ ಕೇಳಲು ಬರುತ್ತಾರೆ.

ಕೌಸಲ್ಯಳ ಪತ್ರ ಬರೆಯಲು ಕೂತೆ. ಮೂರು ಹಾಳೆ ಹಾಳಾದವು. ಸಾರ್ ಅವರನ್ನು ಕೇಳಿದೆ. ಕೊಡಿ, ಯಾರು ಬೇಡ ಅಂದರು, ಆದರೆ ರಿಕಾರ್ಡಿನಲ್ಲಿ ಇರುವುದನ್ನೇ ಬರೆಯಿರಿ ಎಂದರು.

ಜುಲೈ 12, 1987, ಭಾನುವಾರ. ಗುಬ್ಬಿ

ಅವ್ವನಿಗೆ ಸುಮ್ಮನೆ ಈ ವಿಷಯ ಹೇಳುತ್ತಿದ್ದೆ. ಹುಡುಗಿ ಬುದ್ಧಿವಂತೆ, ಆದರೆ ಆ ವರ್ಷ ಬೇಸಿಗೆಯಲ್ಲಿ ಬಹಳ ದಿನ ಬರಲಿಲ್ಲ, ಪತ್ರದಲ್ಲಿ ಅದನ್ನು ಬರೆಯದೆ ವಿಧಿಯಿಲ್ಲ ಎಂದೆ. ಅವ್ವ ಕಡಲೆಕಾಯಿ ಬಿಡಿಸುವುದನ್ನು ನಿಲ್ಲಿಸಿದಳು.

"ಅದೇನ್ಲೇ ಅದು. ಬಸ್ಸಿಲ್ದಿದ್ದಾಗ ಹುಲ್ಲಿನ ಲಾರಿ ಹತ್ಕೊಂಡು ಬಂದ್ಲು ಅಂತ ನೀನೇ ಹೇಳಿ ನಗಾಡಿದ್ದಲ್ಲ."

ಅವ್ವನಿಗೆ ಈಚೆಗೆ ಒಂದು ವರ್ಷದ್ದು ಇನ್ನೊಂದು ವರ್ಷಕ್ಕೆ ಸೇರಿಹೋಗುತ್ತದೆ. ವಾದ ಮಾಡಲಿಲ್ಲ. ಆಕೆ ಊಟಕ್ಕೆ ಬಡಿಸಿ ಒಳಗೆ ಹೋಗಿ ಮಲಗಿದಳು.

ಜುಲೈ 14, 1987. ಬೆಂಗಳೂರು

ಪತ್ರವನ್ನು ನಾನೇ ಟೈಪ್ ಮಾಡಿ ಕಳಿಸಿದೆ. ಒಂದು ಅಕ್ಷರ ತಪ್ಪಿಲ್ಲ. ಕುಮಾರಿ ಕೌಸಲ್ಯ ನಮ್ಮ ತುಮಕೂರು ಯೂನಿಟ್ಟಿನಲ್ಲಿ ಸುಮಾರು ಒಂಬತ್ತು ತಿಂಗಳು ಸಹಾಯಕಿಯಾಗಿದ್ದರು, ನಡತೆ ಒಳ್ಳೆಯದು, ಮೂವತ್ತೆಂಟು ದಿನ ಗೈರುಹಾಜರು. ಪ್ರೋಗ್ರಾಂ ಬಗ್ಗೆ ಬರೆಯಲಾಗಲಿಲ್ಲ, ಕಡತದಲ್ಲಿ ಹೆಸರು ಬೇರೆ ಇದೆ.

ಸಂಜೆ ಪೋಸ್ಟ್ ಡಬ್ಬಿಗೆ ಹಾಕಿ ಬರುವಾಗ ಬಹಳ ಬೇಸರವಾಯಿತು. ಅಷ್ಟು ತಲೆಯಿರುವ ಹುಡುಗಿ. ಹಾಜರಿಯೊಂದು ಸರಿಯಾಗಿದ್ದಿದ್ದರೆ ಇವತ್ತು ಎಲ್ಲೋ ಇರುತ್ತಿದ್ದಳು.